ನಿಕ್ಷಯ್: ಪರದೆಯಿಂದ ರೋಗಿಯ ಬಾಗಿಲವರೆಗೆ

ನಮ್ಮ ನರ್ಸಿಂಗ್ ಹೋಮಿನಲ್ಲಿ ಕ್ಷಯರೋಗವನ್ನು ಪತ್ತೆ ಹಚ್ಚುವವರು ವೈದ್ಯರು, ಅದನ್ನು ಸರ್ಕಾರಕ್ಕೆ ತಿಳಿಸುವವನು ನಾನು. ದಾವಣಗೆರೆಯ ಪಿ.ಜೆ. ಬಡಾವಣೆಯ ಆಸುಪಾಸಿನಲ್ಲಿರುವ ಹಲವು ಖಾಸಗಿ ಆಸ್ಪತ್ರೆಗಳಲ್ಲಿ ನಮ್ಮದೂ ಒಂದು: ಇಪ್ಪತ್ತು ಹಾಸಿಗೆ, ಇಬ್ಬರು ಕಾಯಂ ವೈದ್ಯರು, ವಾರದಲ್ಲಿ ಎರಡು ಸಂಜೆ ಬಂದುಹೋಗುವ ಮೂಳೆ ತಜ್ಞರು ಮತ್ತು ಸ್ತ್ರೀರೋಗ ತಜ್ಞೆ, ಕೆಳಗಿನ ಅಂತಸ್ತಿನಲ್ಲಿ ಒಂದು ಔಷಧದ ಅಂಗಡಿ. ಆ ಅಂಗಡಿಯ ಫಾರ್ಮಾಸಿಸ್ಟ್ ಆಗಿರುವ ನನಗೆ 2018ರ ಕೊನೆಯಲ್ಲಿ, ಕ್ಷಯರೋಗಿಗಳ ವಿವರ ದಾಖಲಿಸುವ ಸರ್ಕಾರದ ನಿಕ್ಷಯ್ ಜಾಲತಾಣದ ಲಾಗಿನ್ ವಹಿಸಿದರು, ಅಂದಿನಿಂದ ಅದು ನನ್ನ ಬಳಿಯೇ ಉಳಿದಿದೆ. ಈ ಸೇವೆಯ ಬಗ್ಗೆ ಓದಲು ಸಿಗುವುದು ಒಂದೋ ಇಲಾಖೆಯ ಪ್ರಕಟಣೆ, ಇಲ್ಲವೇ ಖಾಸಗಿ ವೈದ್ಯರು ಕ್ಷಯದ ಪ್ರಕರಣಗಳನ್ನು ಮುಚ್ಚಿಡುತ್ತಾರೆ ಎಂಬ ದೂರು. ಅದನ್ನು ಬಳಸುವ ಕೈಯಿಂದ ಬಂದ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ, ದಾವಣಗೆರೆ ಮತ್ತು ಚಿತ್ರದುರ್ಗದ ಇತರ ಸಣ್ಣ ಆಸ್ಪತ್ರೆಗಳವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಸೇವೆ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಕ್ಷಯರೋಗವನ್ನು ಗುರುತಿಸಿದ ಅಥವಾ ಅದಕ್ಕೆ ಚಿಕಿತ್ಸೆ ಕೊಟ್ಟ ಯಾವುದೇ ವೈದ್ಯರು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಆ ರೋಗಿಯ ವಿವರವನ್ನು ಸ್ಥಳೀಯ ಆರೋಗ್ಯಾಧಿಕಾರಿಗೆ ತಿಳಿಸಲೇಬೇಕೆಂದು ಕೇಂದ್ರ ಸರ್ಕಾರ 2012ರ ಮೇ 7ರಂದು ಆದೇಶ ಹೊರಡಿಸಿತು. ನಿಕ್ಷಯ್ ಜಾಲತಾಣ ಆರಂಭವಾದದ್ದೂ ಅದೇ ವರ್ಷ. 2018ರ ಮಾರ್ಚಿನಲ್ಲಿ ಬಂದ ರಾಜ್ಯಪತ್ರದ ಅಧಿಸೂಚನೆ ಈ ಹೊಣೆಯನ್ನು ಪ್ರಯೋಗಾಲಯಗಳಿಗೂ ಕ್ಷಯದ ಮಾತ್ರೆ ಮಾರುವ ಔಷಧದ ಅಂಗಡಿಗಳಿಗೂ ವಿಸ್ತರಿಸಿ, ತಿಳಿಸದವರ ಮೇಲೆ ಭಾರತೀಯ ದಂಡ ಸಂಹಿತೆಯ 269 ಮತ್ತು 270ನೆಯ ಕಲಮುಗಳ ಪ್ರಕಾರ ಕ್ರಮ ಕೈಗೊಳ್ಳಬಹುದೆಂದು ಹೇಳಿತು. ಮೊದಲನೆಯದಕ್ಕೆ ಆರು ತಿಂಗಳವರೆಗೆ, ಎರಡನೆಯದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಇದೆ. 2024ರ ಜುಲೈಯಿಂದ ದಂಡ ಸಂಹಿತೆಯ ಜಾಗಕ್ಕೆ ನ್ಯಾಯ ಸಂಹಿತೆ ಬಂದು ಈ ಕಲಮುಗಳು 271 ಮತ್ತು 272 ಆಗಿವೆ, ಮಾತು ಹೆಚ್ಚುಕಡಿಮೆ ಅದೇ. ವರದಿ ಮಾಡಿದ ಖಾಸಗಿ ವೈದ್ಯರಿಗೆ ತಿಳಿಸಿದಾಗ 500 ರೂಪಾಯಿ, ಚಿಕಿತ್ಸೆಯ ಫಲಿತಾಂಶ ತುಂಬಿದಾಗ ಇನ್ನೊಂದು 500 ರೂಪಾಯಿ ಪ್ರೋತ್ಸಾಹಧನ ಉಂಟು. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ ಹಿಡಿದ ಈ ವ್ಯವಸ್ಥೆಯಲ್ಲಿ ನಾನು ಕಂಡಂತೆ ಖಾಸಗಿ ವೈದ್ಯರನ್ನು ತಡೆಯುವುದು ಬೆತ್ತದ ಕೊರತೆಯೂ ಅಲ್ಲ, ಬೆಲ್ಲದ ಕೊರತೆಯೂ ಅಲ್ಲ.

ಖಾಸಗಿಯವರು ಎಷ್ಟು ರೋಗಿಗಳಿಗೆ ಚಿಕಿತ್ಸೆ ಕೊಡುತ್ತಾರೆ ಎಂಬುದಕ್ಕೆ ಒಂದು ಲೆಕ್ಕ ಇದೆ. ಕ್ಷಯದ ಔಷಧಗಳ ಮಾರಾಟದ ಅಂಕಿಗಳನ್ನು ಹಿಡಿದು ಮಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 2014ರಲ್ಲಿ ಭಾರತದ ಖಾಸಗಿ ವಲಯದಲ್ಲಿ ಸುಮಾರು 22 ಲಕ್ಷ ಕ್ಷಯರೋಗಿಗಳು ಚಿಕಿತ್ಸೆ ಪಡೆದಿರಬಹುದೆಂದು ಅಂದಾಜು ಮಾಡಿತು. ವರದಿ ಕಡ್ಡಾಯವಾಗಿ ಎರಡು ವರ್ಷ ಕಳೆದಿದ್ದರೂ ಅವರಲ್ಲಿ ಬಹುಪಾಲು ಜನ ಸರ್ಕಾರದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಅಂಗಡಿಯಿಂದ ಮಾತ್ರೆ ಒಯ್ದ ರೋಗಿಗಳೂ ಆ ಲೆಕ್ಕದಲ್ಲಿ ಮಾರಾಟದ ಅಂಕಿಯಾಗಿ ಸೇರಿರಬೇಕು. ಅವರ ಹೆಸರುಗಳು ನಮ್ಮ ಶೆಡ್ಯೂಲ್ ಎಚ್1 ಪುಸ್ತಕದಲ್ಲಿ ಮಾತ್ರ ಇದ್ದವು.

ಈ ಎಚ್1 ಪುಸ್ತಕದ ಬಗ್ಗೆ ಒಂದು ಮಾತು ಹೇಳಬೇಕು. 2014ರ ಮಾರ್ಚ್ 1ರಿಂದ ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಾಜಿನಮೈಡ್, ಎಥಾಂಬುಟಾಲ್ ಸೇರಿದಂತೆ ಕ್ಷಯದ ಔಷಧಗಳನ್ನು ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟರೆ ರೋಗಿಯ ಹೆಸರು, ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಹೀಗಾಗಿ ಒಬ್ಬನೇ ರೋಗಿಯನ್ನು ನಾನು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಒಮ್ಮೆ, ಎಚ್1ನಲ್ಲಿ ಒಮ್ಮೆ, ನಿಕ್ಷಯ್‌ನಲ್ಲಿ ಮತ್ತೊಮ್ಮೆ ಬರೆಯುತ್ತೇನೆ. ಬರೆಯುವ ಕೈ ಒಂದೇ ಆದ್ದರಿಂದ ನಮ್ಮಲ್ಲಿ ಹೆಸರು ತಪ್ಪುವುದು ಕಡಿಮೆ. ಎಚ್1 ಬರೆಯುವವರು ಒಬ್ಬರು, ನಿಕ್ಷಯ್ ನೋಡುವವರು ಇನ್ನೊಬ್ಬರು ಆಗಿರುವ ಆಸ್ಪತ್ರೆಗಳಲ್ಲಿ ಒಂದರಲ್ಲಿರುವ ರೋಗಿ ಇನ್ನೊಂದರಲ್ಲಿ ಇರುವುದಿಲ್ಲ. ಇದನ್ನು ಸರಿಪಡಿಸಲು ಯಾವ ತಂತ್ರಜ್ಞಾನವೂ ಬೇಕಿಲ್ಲ. ವಾರಕ್ಕೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಇನ್ನು ಪರದೆಯ ವಿಷಯ. ಆಸ್ಪತ್ರೆಯನ್ನು ಒಮ್ಮೆ ನೋಂದಾಯಿಸಿದ ಮೇಲೆ ಹೊಸ ರೋಗಿಯನ್ನು ಸೇರಿಸುವುದು ಕಷ್ಟದ ಕೆಲಸವೇನಲ್ಲ, ಆದರೆ ಉದ್ದದ ಕೆಲಸ. ಹೆಸರು, ವಯಸ್ಸು, ಫೋನ್ ಸಂಖ್ಯೆ, ವಿಳಾಸ, ತೂಕ, ಉದ್ಯೋಗ, ರೋಗ ಶ್ವಾಸಕೋಶದ್ದೋ ಬೇರೆ ಅಂಗದ್ದೋ, ಹೊಸ ಪ್ರಕರಣವೋ ಹಿಂದೆ ಚಿಕಿತ್ಸೆ ಪಡೆದದ್ದೋ, ಯಾವ ಪರೀಕ್ಷೆಯಿಂದ ಗೊತ್ತಾಯಿತು, ಎಚ್.ಐ.ವಿ. ಪರೀಕ್ಷೆ ಆಗಿದೆಯೋ, ಸಕ್ಕರೆ ಕಾಯಿಲೆ ಇದೆಯೋ, ತಂಬಾಕಿನ ಅಭ್ಯಾಸ ಉಂಟೋ, ಬ್ಯಾಂಕ್ ಖಾತೆ ಯಾವುದು, ಹೀಗೆ ಸಾಗುತ್ತದೆ. ಎಲ್ಲವೂ ಎದುರಿಗಿದ್ದರೆ ನನಗೆ ಹದಿನೈದು ನಿಮಿಷ ಹಿಡಿಯುತ್ತದೆ. ಆದರೆ ಎಲ್ಲವೂ ಎದುರಿಗೆ ಇರುವುದಿಲ್ಲ. ತೂಕ ನೋಡಿರುವುದಿಲ್ಲ, ಪಾಸ್‌ಬುಕ್ ಊರಲ್ಲಿರುತ್ತದೆ, ಫೋನ್ ಮಗನ ಬಳಿ ಇರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದರಿಂದ ಬರುವ ತೊಡಕು ಬೇರೆ. ನಮ್ಮ ಸೀಮೆಯ ಹಾಲಪ್ಪ, ಹಾಲೇಶಪ್ಪ, ಕೊಟ್ರೇಶಪ್ಪ ಮೊದಲಾದ ಹೆಸರುಗಳಲ್ಲಿ ‘ಪ’ದ ಒತ್ತನ್ನು ಒಬ್ಬರು ಒಂದು ಅಕ್ಷರದಲ್ಲಿ ಬರೆದರೆ ಇನ್ನೊಬ್ಬರು ಎರಡರಲ್ಲಿ ಬರೆಯುತ್ತಾರೆ, ಆಧಾರ್ ಕಾರ್ಡಿನಲ್ಲಿ ಮೂರನೆಯ ಬಗೆ ಇರುತ್ತದೆ. ಒಬ್ಬನೇ ರೋಗಿ ಎರಡು ಕಡೆ ನೋಂದಾಯಿತನಾಗುವುದನ್ನು ತಡೆಯಲು ಜಾಲತಾಣ ಫೋನ್ ಸಂಖ್ಯೆಯನ್ನೂ ಹೆಸರನ್ನೂ ಹೋಲಿಸಿ ಎಚ್ಚರಿಸುತ್ತದೆ. ಮನೆಗೆಲ್ಲ ಒಂದೇ ಫೋನ್ ಇರುವ ಕುಟುಂಬದಲ್ಲಿ ಅಣ್ಣನಿಗೂ ತಮ್ಮನಿಗೂ ರೋಗವಿದ್ದಾಗ ಆ ಎಚ್ಚರಿಕೆ ಬಂದರೆ ಗಾಬರಿಯಾಗಬೇಕಿಲ್ಲ, ಇಬ್ಬರೂ ಬೇರೆಬೇರೆ ಎಂದು ಖಚಿತಪಡಿಸಿ ಮುಂದುವರಿಯಬಹುದು. ಇದನ್ನು ತಿಳಿಯದೆ ನಾನು ಮೊದಲ ವರ್ಷ ಒಬ್ಬ ತಮ್ಮನನ್ನು ಪೂರಾ ಬಿಟ್ಟೇಬಿಟ್ಟಿದ್ದೆ. ಅದು ನನ್ನದೇ ತಪ್ಪು.

ಈ ಹದಿನೈದು ನಿಮಿಷ ಎಲ್ಲಿಂದ ಬರಬೇಕು? ಸಂಜೆ ಆರರಿಂದ ಒಂಬತ್ತೂವರೆಯವರೆಗೆ ನಮ್ಮ ವೈದ್ಯರ ಮುಂದೆ ಅರವತ್ತು ಚೀಟಿಗಳಿರುತ್ತವೆ, ಜಗಳೂರಿನ ಕಡೆಗೆ ಹೋಗುವವರು ಕೊನೆಯ ಬಸ್ಸಿನ ಸಮಯ ನೋಡುತ್ತ ಬಾಗಿಲ ಬಳಿ ನಿಂತಿರುತ್ತಾರೆ. ಕ್ಷಯ ಎಂಬ ಸುದ್ದಿಯನ್ನು ರೋಗಿಗೆ ಹೇಳುವುದಕ್ಕೇ ವೈದ್ಯರಿಗೆ ಹತ್ತು ನಿಮಿಷ ಬೇಕು, ಅದರ ಮೇಲೆ ಆರು ತಿಂಗಳ ಮಾತ್ರೆಯ ವಿಷಯ ತಿಳಿಸಬೇಕು. ಇಷ್ಟಾದ ಮೇಲೆ ಅದೇ ವೈದ್ಯರು ಕಂಪ್ಯೂಟರಿನ ಮುಂದೆ ಕೂತು ರೋಗಿಯ ಉದ್ಯೋಗವನ್ನು ಪಟ್ಟಿಯಿಂದ ಆರಿಸಬೇಕೆಂದು ನಿರೀಕ್ಷಿಸುವವರು ಸಂಜೆಯ ಹೊರರೋಗಿ ವಿಭಾಗವನ್ನು ನೋಡಿಲ್ಲ. ಒಂಟಿ ಕ್ಲಿನಿಕ್ ನಡೆಸುವ ವೈದ್ಯರಿಗಂತೂ ಕಾಂಪೌಂಡರೇ ಎಲ್ಲ. ಆತ ಕೆಲಸ ಬಿಟ್ಟು ಹೋದ ದಿನ ಪಾಸ್‌ವರ್ಡೂ ಹೋಗುತ್ತದೆ. ನಮ್ಮಲ್ಲೂ ನನಗೆ ಕಾಮಾಲೆಯಾಗಿ ಒಂದೂವರೆ ತಿಂಗಳು ಮನೆಯಲ್ಲಿದ್ದಾಗ ಒಂದೂ ಪ್ರಕರಣ ದಾಖಲಾಗಿರಲಿಲ್ಲ, ಏಕೆಂದರೆ ಪಾಸ್‌ವರ್ಡ್ ಬರೆದಿಟ್ಟದ್ದು ನನ್ನ ಮೇಜಿನ ಖಾನೆಯಲ್ಲಿ, ಕೀಲಿ ನನ್ನ ಜೇಬಿನಲ್ಲಿ. ಈಗ ಇನ್ನೊಬ್ಬ ಸಿಸ್ಟರ್‌ಗೂ ಈ ಕೆಲಸ ಕಲಿಸಿದ್ದೇನೆ.

ಯಾರು ತಿಳಿಸಬೇಕು ಎಂಬ ಗೊಂದಲ ಇದಕ್ಕಿಂತ ದೊಡ್ಡದು. ಕ್ಷಯ ಎಂದರೆ ಕೆಮ್ಮು, ಕಫ ಎಂದು ತಿಳಿದವರೇ ಹೆಚ್ಚು. ಆದರೆ ನಮ್ಮ ಎಚ್1 ಪುಸ್ತಕವನ್ನು ತೆರೆದರೆ ಮೂಳೆ ತಜ್ಞರು ಬರೆದ ಬೆನ್ನುಮೂಳೆಯ ಕ್ಷಯದ ಚೀಟಿ, ಬಂಜೆತನದ ತಪಾಸಣೆಯಲ್ಲಿ ಗರ್ಭಕೋಶದ ಕ್ಷಯ ಕಂಡ ಸ್ತ್ರೀರೋಗ ತಜ್ಞೆಯ ಚೀಟಿ, ಕತ್ತಿನ ಗಂಟನ್ನು ತೆಗೆದ ಶಸ್ತ್ರಚಿಕಿತ್ಸಕರ ಚೀಟಿ ಎಲ್ಲವೂ ಸಿಗುತ್ತವೆ. ಇವರಲ್ಲಿ ಯಾರೂ ತಮ್ಮನ್ನು ಟಿ.ಬಿ. ಡಾಕ್ಟರ್ ಎಂದುಕೊಂಡವರಲ್ಲ. ಗಂಟಿನ ತುಣುಕು ಪರೀಕ್ಷಿಸಿದ ಪ್ರಯೋಗಾಲಯದವರು ಶಸ್ತ್ರಚಿಕಿತ್ಸಕರು ತಿಳಿಸುತ್ತಾರೆಂದು ಸುಮ್ಮನಾಗುತ್ತಾರೆ, ಶಸ್ತ್ರಚಿಕಿತ್ಸಕರು ರೋಗಿಯನ್ನು ಫಿಸಿಷಿಯನ್ ಬಳಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ, ಫಿಸಿಷಿಯನ್ ಅವರು ಪತ್ತೆ ಮಾಡಿದವರೇ ತಿಳಿಸಿರಬೇಕೆಂದು ನಂಬುತ್ತಾರೆ. ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ ಕಫದಲ್ಲಿ ರೋಗಾಣು ಕಂಡರೆ ಮಾತ್ರ ವರದಿ ಮಾಡಬೇಕು ಎಂಬುದು. ಎಕ್ಸ್‌ರೇ ಮತ್ತು ಲಕ್ಷಣಗಳ ಆಧಾರದ ಮೇಲೆ ವೈದ್ಯರು ಕ್ಷಯವೆಂದು ತೀರ್ಮಾನಿಸಿ ಪೂರ್ಣ ಚಿಕಿತ್ಸೆ ಆರಂಭಿಸಿದರೆ ಅದೂ ವರದಿಯಾಗಬೇಕಾದ ಪ್ರಕರಣವೇ. ಆದರೆ ಚೀಟಿಯಲ್ಲಿ ‘ಎ.ಟಿ.ಟಿ. ಶುರು’, ಅಂದರೆ ಕ್ಷಯದ ಚಿಕಿತ್ಸೆ ಶುರು, ಎಂದು ಬರೆಯುವಾಗಲೂ ವೈದ್ಯರ ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನ ಉಳಿದಿರುತ್ತದೆ. ಎರಡು ವಾರ ನೋಡೋಣ, ಜ್ವರ ಇಳಿದರೆ ಆಮೇಲೆ ದಾಖಲಿಸೋಣ ಎನ್ನುತ್ತಾರೆ. ಎರಡು ವಾರದಲ್ಲಿ ಜ್ವರ ಇಳಿಯುತ್ತದೆ, ರೋಗಿಯೂ ಕಾಣೆಯಾಗುತ್ತಾನೆ. ಸರ್ಕಾರದ ಪಟ್ಟಿಯಲ್ಲಿ ತಪ್ಪು ರೋಗನಿರ್ಣಯವೊಂದು ತಮ್ಮ ಹೆಸರಿನಲ್ಲಿ ಶಾಶ್ವತವಾಗಿ ಉಳಿಯಬಹುದೆಂಬ ಅಂಜಿಕೆಯನ್ನು ನಾನು ಉದಾಸೀನವೆಂದು ಕರೆಯಲಾರೆ.

ಇವೆಲ್ಲ ನಿಭಾಯಿಸಬಹುದಾದ ತೊಂದರೆಗಳು. ನಮ್ಮ ಆಸ್ಪತ್ರೆಯಲ್ಲಿ ವರದಿಯನ್ನು ಎಂಟು ತಿಂಗಳು ನಿಲ್ಲಿಸಿದ ಘಟನೆ ಬೇರೆಯೇ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಮೂರು ತಿಂಗಳ ಕೆಮ್ಮಿನೊಂದಿಗೆ ಬಂದಿದ್ದ. ಭಟ್ಟಿಯ ಹೊಗೆಗೆ ಕೆಮ್ಮು ಬರುವುದು ಸಹಜವೆಂದು ಅವನೂ ಅವನ ಮನೆಯವರೂ ಅಲ್ಲಿಯವರೆಗೆ ಸಿರಪ್ ಕುಡಿಸುತ್ತ ಬಂದಿದ್ದರು. ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾಯಿತು, ನಾನು ಅಂದೇ ನಿಕ್ಷಯ್‌ನಲ್ಲಿ ದಾಖಲಿಸಿದೆ. ನಾಲ್ಕನೆಯ ದಿನ ವಿಳಾಸ ಪರಿಶೀಲನೆಗೆ ಹೋದ ಕ್ಷೇತ್ರ ಸಿಬ್ಬಂದಿಯೊಬ್ಬರು, ಯಾರು, ಎಲ್ಲಿಯವರು ಎಂಬುದು ಇಲ್ಲಿ ಬೇಡ, ಓಣಿಯ ತುದಿಯ ಕಿರಾಣಿ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ, “ಇಲ್ಲಿ ಟಿ.ಬಿ. ಪೇಷಂಟ್ ಮನೆ ಯಾವ್ದ್ರೀ?” ಎಂದು ಕೇಳಿದರಂತೆ. ಸಾಲುಮನೆಗಳ ವಠಾರ ಅದು, ನಲ್ಲಿ ಒಂದೇ, ಬಚ್ಚಲು ಎರಡು. ಆ ವಾರದ ಕೊನೆಗೆ ಮನೆಯ ಮಾಲೀಕರು ಬೇರೆ ಮನೆ ನೋಡಿಕೊಳ್ಳಲು ಹೇಳಿದರು. ಹುಡುಗನ ತಾಯಿ ನಮ್ಮ ಕೌಂಟರಿನ ಮುಂದೆ ನಿಂತು ಜಗಳವಾಡಲಿಲ್ಲ. “ಅಣ್ಣಾರೆ, ನಿಮ್ಮನ್ನ ನಂಬಿ ಅಡ್ರೆಸ್ ಕೊಟ್ವಿ” ಎಂದಷ್ಟೇ ಹೇಳಿ ಉಳಿದ ಮಾತ್ರೆಯ ಪಟ್ಟಿಗಳನ್ನು ಮೇಜಿನ ಮೇಲಿಟ್ಟು ಹೋದರು.

ಆ ದಿನ ನಮ್ಮ ಹಿರಿಯ ವೈದ್ಯರು ನನ್ನನ್ನು ಕರೆದು, ಇನ್ನು ಮುಂದೆ ತಾವು ಹೇಳುವವರೆಗೆ ಯಾರನ್ನೂ ದಾಖಲಿಸಬಾರದೆಂದರು. ಕಾನೂನು ನೆನಪಿಸಿದೆ. ಜೈಲಿಗೆ ಹೋಗುವವನು ತಾನಲ್ಲವೇ, ಹೋಗುತ್ತೇನೆ ಬಿಡು ಎಂದರು. ಹುಡುಗ ಎಲ್ಲಿ ಹೋದನೆಂದು ಹುಡುಕಲು ನಮಗೆ ಹತ್ತು ದಿನ ಬೇಕಾಯಿತು. ಹರಿಹರದ ಬಳಿ ಮಾವನ ಮನೆಯಲ್ಲಿದ್ದ, ಆ ಹತ್ತು ದಿನ ಮಾತ್ರೆ ತಪ್ಪಿತ್ತು. ಹತ್ತು ದಿನ ಮಾತ್ರೆ ತಪ್ಪುವುದೆಂದರೇನು ಎಂಬುದನ್ನು ಔಷಧಕ್ಕೆ ಬಗ್ಗದ ಕ್ಷಯವನ್ನು ಕಂಡ ಯಾರಿಗೂ ವಿವರಿಸಬೇಕಾಗಿಲ್ಲ. ರೋಗ ಹರಡದಿರಲೆಂದು ಮಾಡಿದ ಭೇಟಿಯೇ ರೋಗಿಯನ್ನು ಊರು ಬಿಡಿಸಿತ್ತು. ಕೊರೊನಾ ಕಾಲದಲ್ಲಿ ಮನೆಗಳ ಮುಂದೆ ಚೀಟಿ ಅಂಟಿಸಿದ್ದನ್ನು ಕಂಡ ಜನ ಇವರು. “ನಮ್ಮನೆ ಮುಂದೂ ಚೀಟಿ ಹಚ್ಚತಾರಾ?” ಎಂದು ಇಂದಿಗೂ ಕೇಳುತ್ತಾರೆ. ಹಾಗೆ ಮಾಡುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಕಿರಾಣಿ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ ಎಂದು ಅಷ್ಟೇ ಧೈರ್ಯವಾಗಿ ಹೇಳಲಾರೆ.

ಎಂಟು ತಿಂಗಳ ಬಳಿಕ ವರದಿ ಮತ್ತೆ ಆರಂಭವಾದದ್ದು ಯಾವ ನೋಟಿಸಿನಿಂದಲೂ ಅಲ್ಲ. ಹೊಸದಾಗಿ ಬಂದ ಟಿ.ಬಿ. ವಿಸಿಟರ್ (ಕ್ಷಯರೋಗಿಗಳನ್ನು ಭೇಟಿಮಾಡುವ ಕ್ಷೇತ್ರ ಸಿಬ್ಬಂದಿ) ಒಬ್ಬರು ಒಂದು ಮಧ್ಯಾಹ್ನ ಹೊರರೋಗಿಗಳಿಲ್ಲದ ಹೊತ್ತು ನೋಡಿಕೊಂಡು ಬಂದು, ವೈದ್ಯರ ಬಳಿ ಅರ್ಧ ಗಂಟೆ ಕೂತು, ತಾವು ಕೇಳಿದ್ದಷ್ಟನ್ನೇ ಬರೆದುಕೊಂಡರು. ಅಂದು ಒಂದು ಒಪ್ಪಂದವಾಯಿತು. ಹೊಸ ರೋಗಿಯ ಮನೆಗೆ ಅವರು ನೇರವಾಗಿ ಹೋಗುವುದಿಲ್ಲ, ಮೊದಲು ನನಗೆ ಫೋನ್ ಮಾಡುತ್ತಾರೆ, ನಾನು ರೋಗಿಯನ್ನು ಕೇಳುತ್ತೇನೆ, ರೋಗಿ ಒಪ್ಪದಿದ್ದರೆ ಭೇಟಿ ನಮ್ಮ ಅಂಗಡಿಯ ಪಕ್ಕದ ಸಣ್ಣ ಕೋಣೆಯಲ್ಲೇ ನಡೆಯುತ್ತದೆ. ಮನೆಯವರ ತಪಾಸಣೆಗೂ ಅವರನ್ನೇ ಇಲ್ಲಿಗೆ ಕರೆಸಿಕೊಳ್ಳುತ್ತೇವೆ. ಆ ಕೋಣೆಯಲ್ಲಿ ಹಿಂದೆ ಗ್ಲೂಕೋಸ್ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳಿದ್ದವು, ಈಗ ಎರಡು ಪ್ಲಾಸ್ಟಿಕ್ ಕುರ್ಚಿ ಮತ್ತು ಒಂದು ತೂಕದ ಯಂತ್ರ ಇವೆ. ಕಿಟಕಿ ಮಾತ್ರ ಸದಾ ತೆರೆದಿರಬೇಕೆಂದು ವೈದ್ಯರ ಕಟ್ಟಪ್ಪಣೆ. ಜಾಲತಾಣದ ಯಾವ ಹೊಸ ಆವೃತ್ತಿಯೂ ಮಾಡದಷ್ಟು ಕೆಲಸವನ್ನು ಈ ಎರಡು ಕುರ್ಚಿಗಳು ನಮ್ಮಲ್ಲಿ ಮಾಡಿವೆ.

ವೈದ್ಯರು ಬಾಯಿಬಿಟ್ಟು ಹೇಳದ ಇನ್ನೊಂದು ಅಂಜಿಕೆಯೂ ಇದೆ, ಅದು ರೋಗಿ ಕೈತಪ್ಪುವ ಅಂಜಿಕೆ. ಹೆಸರು ಸರ್ಕಾರಕ್ಕೆ ಹೋದರೆ ಅಲ್ಲಿಂದ ಬಂದವರು, ಹಣ ಕೊಟ್ಟು ಇಲ್ಲೇಕೆ ತೋರಿಸುತ್ತೀರಿ, ಚಿಗಟೇರಿ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ ಎನ್ನುತ್ತಾರೆ ಎಂಬುದು ಊರಿನ ಬಹಳ ವೈದ್ಯರ ನಂಬಿಕೆ. ಉಚಿತ ಎಂಬುದು ನಿಜವೇ. ಆದರೆ ಬಹಳ ಜನರಿಗೆ ತಿಳಿಯದ ಸಂಗತಿ ಎಂದರೆ, ಖಾಸಗಿ ವೈದ್ಯರ ಬಳಿಯೇ ತೋರಿಸಿಕೊಳ್ಳುತ್ತ ಸರ್ಕಾರದ ಮಾತ್ರೆಗಳನ್ನು ಪಡೆಯಲು ಅವಕಾಶವಿದೆ, ವರದಿಯಾದ ಖಾಸಗಿ ರೋಗಿಯ ಕಫವನ್ನು ಸಿ.ಬಿ.ನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಉಚಿತವಾಗಿ ಪರೀಕ್ಷಿಸಿಕೊಡುತ್ತಾರೆ. ರಿಫಾಂಪಿಸಿನ್‌ಗೆ ರೋಗ ಬಗ್ಗುತ್ತದೋ ಇಲ್ಲವೋ ಎಂಬುದು ಆ ಯಂತ್ರದಿಂದ ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ, ಹೊರಗೆ ಅದೇ ಪರೀಕ್ಷೆಗೆ ಸಾವಿರಗಟ್ಟಲೆ ಆಗುತ್ತದೆ. ನಮ್ಮ ಹಿರಿಯ ವೈದ್ಯರನ್ನು ಈ ವ್ಯವಸ್ಥೆಯತ್ತ ಒಲಿಸಿದ್ದು ಪ್ರೋತ್ಸಾಹಧನವಲ್ಲ, ಈ ಪರೀಕ್ಷೆ. ವ್ಯಾಪಾರದ ದೃಷ್ಟಿಯಿಂದ ನನ್ನ ಅಂಗಡಿಗೆ ಇದರಿಂದ ಮಾತ್ರೆಯ ಮಾರಾಟ ಇಳಿಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ 2024ರ ಮೊದಲ ತಿಂಗಳುಗಳಲ್ಲಿ ದೇಶದ ಹಲವೆಡೆ ಸರ್ಕಾರದ ಕ್ಷಯದ ಮಾತ್ರೆಗಳಿಗೆ ಕೊರತೆ ಬಂದಾಗ, ಆಗಷ್ಟೇ ಒಲಿದಿದ್ದ ವೈದ್ಯರೂ ಹಿಂದೇಟು ಹಾಕಿದರು. ಆ ನಂಬಿಕೆ ಮರಳಲು ಕೊರತೆಗಿಂತ ಹೆಚ್ಚು ಕಾಲ ಹಿಡಿಯಿತು.

ಹಣದ ವಿಚಾರಕ್ಕೆ ಬಂದರೆ, ರೋಗಿಗೆ ಸಲ್ಲುವ ನಿಕ್ಷಯ್ ಪೋಷಣ್ ಯೋಜನೆಯ ನೆರವು ಈ ಸೇವೆಯ ಅತ್ಯಂತ ಉಪಯುಕ್ತ ಭಾಗ. 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ, ಆರು ತಿಂಗಳ ಚಿಕಿತ್ಸೆಗೆ ಒಟ್ಟು 6,000 ರೂಪಾಯಿ. ಖಾಸಗಿ ರೋಗಿಗಳಿಗೂ ಇದು ಅನ್ವಯಿಸುತ್ತದೆ, ಆದರೆ ಹೆಸರು ದಾಖಲಾಗಿದ್ದರೆ ಮಾತ್ರ. ದಾಖಲಿಸಬೇಡಿ ಎನ್ನುವ ರೋಗಿಗೆ ನಾನು ಮೊದಲು ಹೇಳುವುದು ಕಾನೂನನ್ನಲ್ಲ, ಇದನ್ನು. ತಿಂಗಳಿಗೆ ಸಾವಿರ ಎಂದರೆ ದಿನಕ್ಕೆರಡು ಮೊಟ್ಟೆ, ಒಂದು ಲೋಟ ಹಾಲು, ಸ್ವಲ್ಪ ಶೇಂಗಾ. ಕೂಲಿ ಬಿಟ್ಟು ಮಲಗಿದವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ತೊಡಕು ಇರುವುದು ಹಣ ತಲುಪುವ ದಾರಿಯಲ್ಲಿ. ವಿಲೀನವಾದ ಬ್ಯಾಂಕೊಂದರ ಹಳೆಯ ಪಾಸ್‌ಬುಕ್ ನೋಡಿ ನಾನು ತುಂಬಿದ ಐ.ಎಫ್.ಎಸ್.ಸಿ. ಸಂಖ್ಯೆ ರದ್ದಾಗಿತ್ತು, ಒಬ್ಬ ಅಜ್ಜಿಗೆ ಮೊದಲ ಕಂತು ಬರುವ ಹೊತ್ತಿಗೆ ಚಿಕಿತ್ಸೆಯೇ ಮುಗಿದಿತ್ತು. ಈಗ ಪಾಸ್‌ಬುಕ್ ನಂಬುವುದಿಲ್ಲ, ಶಾಖೆಗೆ ಫೋನ್ ಮಾಡಿ ಕೇಳುತ್ತೇನೆ. ವೈದ್ಯರಿಗೆ ಬರಬೇಕಾದ 500 ರೂಪಾಯಿಯ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಬಂದರೆ ಸಿಸ್ಟರ್‌ಗಳಿಗೆ ಹಂಚುತ್ತಾರೆ, ಬರದಿದ್ದರೆ ಕೇಳುವುದಿಲ್ಲ. ಆ ಹಣ ನಮೂದಿಸುವ ಸಿಬ್ಬಂದಿಯ ಹೆಸರಿಗೇ ನೇರವಾಗಿ ಬರುವಂತಿದ್ದರೆ ಊರಿನ ಅರ್ಧ ಕ್ಲಿನಿಕ್‌ಗಳ ವರದಿ ತಾನಾಗಿ ಸರಿಹೋಗುತ್ತಿತ್ತೆಂಬುದು ನನ್ನ ಊಹೆ. ನನ್ನ ಸ್ವಾರ್ಥವೂ ಇದರಲ್ಲಿ ಇದೆಯೆಂದು ಓದುವವರು ಭಾವಿಸಿದರೆ ಆಕ್ಷೇಪವಿಲ್ಲ.

ಜಿಲ್ಲೆಯ ಗಡಿಯ ಸಮಸ್ಯೆಯನ್ನು ದಾವಣಗೆರೆಯವರು ವಿಶೇಷವಾಗಿ ಗಮನಿಸಬೇಕು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದರೂ ಚಿತ್ರದುರ್ಗದ ಕಡೆಯ ಜನ ಆಸ್ಪತ್ರೆಗೆಂದರೆ ಇಂದಿಗೂ ಇಲ್ಲಿಗೇ ಬರುತ್ತಾರೆ. ಭರಮಸಾಗರದವರಿಗೆ ರೋಗ ಪತ್ತೆಯಾಗುವುದು ದಾವಣಗೆರೆಯಲ್ಲಿ, ಮಾತ್ರೆ ನುಂಗುವುದು ಚಿತ್ರದುರ್ಗ ಜಿಲ್ಲೆಯಲ್ಲಿ. ಜಾಲತಾಣದಲ್ಲಿ ರೋಗಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸುವ ಸೌಲಭ್ಯವಿದೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ ಕೂಡ. ಆದರೆ ನಮ್ಮ ಎರಡು ಕುರ್ಚಿಗಳ ಒಪ್ಪಂದ ಗಡಿ ದಾಟುವುದಿಲ್ಲ. ಆ ಕಡೆಯಿಂದ ಯಾರು ಹೋಗುತ್ತಾರೆ, ಹೇಗೆ ಕೇಳುತ್ತಾರೆ ಎಂಬುದು ನನ್ನ ಹಿಡಿತದಲ್ಲಿಲ್ಲ. ಅಂಥವರ ವಿಷಯದಲ್ಲಿ ವರ್ಗಾವಣೆ ಒತ್ತುವ ಮುಂಚೆ ನಾನೇ ಅಲ್ಲಿಯ ಸಿಬ್ಬಂದಿಗೆ ಫೋನ್ ಮಾಡಿ, ಮೊದಲು ರೋಗಿಗೆ ಕರೆ ಮಾಡಿ ಆಮೇಲೆ ಹೋಗಿ ಎಂದು ವಿನಂತಿಸುತ್ತೇನೆ. ಬಹುತೇಕರು ಕೇಳುತ್ತಾರೆ.

ಕಾನೂನಿನ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಸೆರೆವಾಸದ ಕಲಮನ್ನು ಸಭೆಗಳಲ್ಲಿ ಓದಿ ಹೇಳಿದಾಗಲೆಲ್ಲ ಹಿಂದೆ ವರದಿ ಮಾಡದೆ ಬಿಟ್ಟವರು ಇನ್ನಷ್ಟು ಒಳಗೆ ಸರಿಯುತ್ತಾರೆ, ಏಕೆಂದರೆ ಇಂದು ಒಂದನ್ನು ತಿಳಿಸಿದರೆ ಹಳೆಯ ನಲವತ್ತರ ಲೆಕ್ಕ ಕೇಳಬಹುದೆಂಬ ಭಯ. ಹಳೆಯದನ್ನು ಕೇಳುವುದಿಲ್ಲ, ಇಂದಿನಿಂದ ತಿಳಿಸಿ ಎಂದು ಅಧಿಕಾರಿಗಳು ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ. 1800-11-6666 ಎಂಬ ಉಚಿತ ಸಹಾಯವಾಣಿಯೂ ಇದೆ. ರೋಗಿಗಳಿಗೆ ನಾನು ಆ ಸಂಖ್ಯೆಯನ್ನು ಮಾತ್ರೆಯ ಲಕೋಟೆಯ ಮೇಲೆ ಬರೆದುಕೊಡುತ್ತೇನೆ.

ಅಂಕ ಕೊಡಲೇಬೇಕೆಂದರೆ ಜಾಲತಾಣಕ್ಕೆ ಐದಕ್ಕೆ ಮೂರೂವರೆ. ಅದು ಉದ್ದವಾದರೂ ನಂಬಿಕಸ್ತ, ಒಮ್ಮೆ ಸೇರಿಸಿದ ರೋಗಿ ಅಲ್ಲಿಂದ ಕಳೆದುಹೋಗುವುದಿಲ್ಲ. ಪರೀಕ್ಷಾ ಸೌಲಭ್ಯಕ್ಕೆ ನಾಲ್ಕೂವರೆ, ಪೋಷಣೆಯ ಹಣಕ್ಕೆ ಮೂರು. ಮನೆ ಭೇಟಿಗೆ ಅಂಕ ಕೊಡುವುದು ನನ್ನಿಂದಾಗದು, ಏಕೆಂದರೆ ಅದು ಗಾಡಿಯಿಂದ ಇಳಿಯುವ ವ್ಯಕ್ತಿಯ ಮೇಲೆ ನಿಂತಿದೆ: ಒಬ್ಬರಿಗೆ ಸೊನ್ನೆ ಕೊಟ್ಟಿದ್ದೇನೆ, ಇನ್ನೊಬ್ಬರಿಗೆ ಐದೂ ಕೊಟ್ಟಿದ್ದೇನೆ. ಹೊಸದಾಗಿ ನೋಂದಾಯಿಸುವ ಆಸ್ಪತ್ರೆಗಳವರು ಲಾಗಿನ್ ಪಡೆಯುವ ದಿನವೇ ತಮ್ಮ ಪ್ರದೇಶದ ಟಿ.ಬಿ. ವಿಸಿಟರ್ ಯಾರೆಂದು ಕೇಳಿ, ಅವರನ್ನು ಕರೆಸಿ, ಚಹಾ ಕೊಟ್ಟು ಮಾತಾಡಿ. ಪಾಸ್‌ವರ್ಡಿಗಿಂತ ಅದು ಮುಖ್ಯ.

ಕಳೆದ ವರ್ಷ ಭರಮಸಾಗರದ ಕಡೆಯ ಒಬ್ಬ ತಂದೆ ಕತ್ತಿನಲ್ಲಿ ಗಂಟಾಗಿದ್ದ ಮಗಳನ್ನು ಕರೆತಂದಿದ್ದರು, ಪರೀಕ್ಷೆಯಲ್ಲಿ ಗ್ರಂಥಿಯ ಕ್ಷಯವೆಂದು ತಿಳಿಯಿತು. “ತಮ್ಮಾ, ಬೇಕಾದ್ರೆ ಗುಳಿಗಿಗೆ ರೊಕ್ಕ ಜಾಸ್ತಿ ತಗೊಳ್ರಿ, ಹುಡುಗಿ ಹೆಸ್ರು ಮಾತ್ರ ಎಲ್ಲೂ ಬರೀಬ್ಯಾಡ್ರಿ, ಗಂಡು ನೋಡಾಕ ಹತ್ತೀವಿ” ಎಂದರು. ಜೊತೆಗೆ, “ಗಂಟಿಂದು ಅಂಟಾದಲ್ಲ ಅಂತ ಡಾಕ್ಟ್ರೇ ಅಂದ್ರಲ್ಲ, ಮತ್ಯಾಕ ಸರ್ಕಾರಕ್ಕ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಗ್ರಂಥಿಯ ಕ್ಷಯ ಗಾಳಿಯಿಂದ ಹರಡುವುದಿಲ್ಲ ನಿಜ, ಆದರೆ ಅವಳಿಗೆ ಅದು ಯಾರಿಂದ ಬಂತೋ ಅವರು ಮನೆಯಲ್ಲೇ ಕೆಮ್ಮುತ್ತಿರಬಹುದು ಎಂದು ವೈದ್ಯರು ವಿವರಿಸಿದ ಮೇಲೆ ಒಪ್ಪಿದರು. ಎಲ್ಲರನ್ನೂ ಆ ಸಣ್ಣ ಕೋಣೆಗೆ ಕರೆಸಿದೆವು, ಅಜ್ಜನ ಕಫದಲ್ಲಿ ರೋಗಾಣು ಸಿಕ್ಕಿತು. ಆರು ತಿಂಗಳ ನಂತರ ಇಬ್ಬರ ಚಿಕಿತ್ಸೆಯೂ ಮುಗಿಯಿತು. ಕೊನೆಯ ತಪಾಸಣೆಯ ದಿನ ಆ ತಂದೆ ಲಗ್ನಪತ್ರಿಕೆ ಹಿಡಿದು ಬಂದಿದ್ದರು. ಪತ್ರಿಕೆ ಕೊಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, “ಈಗ ಗುಣ ಆತಲ್ಲ ತಮ್ಮಾ, ಕಂಪ್ಯೂಟರಿನಾಗಿಂದ ಆಕೆ ಹೆಸ್ರು ತೆಗಿಯಾಕ ಬರತೈತೇನು?” ಎಂದು ಕೇಳಿದರು. ಹಾಗೆ ತೆಗೆಯಲು ಬರುವುದಿಲ್ಲವೆಂದೆ. ಫಲಿತಾಂಶದ ಅಂಕಣದಲ್ಲಿ ಚಿಕಿತ್ಸೆ ಪೂರ್ಣವಾಯಿತೆಂದು ಗುರುತು ಹಾಕುವುದನ್ನು ಅವರ ಕಣ್ಣೆದುರಿಗೇ ತೋರಿಸಿದೆ. ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಇದನ್ನು ಬೇರೆ ಯಾರ್ಯಾರು ನೋಡಬಹುದೆಂದು ಮತ್ತೊಮ್ಮೆ ಕೇಳಿದರು.